ಒಡೆದ ವಿಷ

ಶಿಷ್ಯ ಮರಿಬಸವ ಕೇಳಿದ: "ಗುರುಗಳೇ, ನನ್ನ ಸಿಟ್ಟನ್ನು ಒಡೆದು ಪುಡಿಪುಡಿ ಮಾಡಿದ್ದೇನೆ. ಈಗ ಹುಡುಕಿದರೂ ಸಿಗುವುದಿಲ್ಲ. ಇನ್ನು ನನ್ನಿಂದ ಯಾರಿಗೂ ಕೆಡುಕಿಲ್ಲ ಎನ್ನಬಹುದೇ?"

ಗುರುಗಳು ಅವನ ಮುಖವನ್ನೊಮ್ಮೆ ನೋಡಿದರು. ಕೂತುಕೋ ಎಂದು ಕತೆ ಶುರು ಮಾಡಿದರು.

ಒಂದೂರಿಗೆ ಒಂದೇ ಕೆರೆ. ಕೆರೆಯ ಮೇಲ್ಗಡೆ ಒಬ್ಬ ವರ್ತಕ ಹಳೆಯ ಪ್ಲಾಸ್ಟಿಕ್ ಕೊಂಡು, ತೊಳೆದು, ಕರಗಿಸಿ ಮಾರುತ್ತಿದ್ದ. ತೊಳೆದ ನೀರು ಎಲ್ಲಿಗೆ ಹೋದೀತು? ಇಳಿಜಾರು ಇದ್ದ ಕಡೆಗೆ ಹೋಯಿತು. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬೆರೆಸಿದ್ದ ವಿಷವೂ ಅದರ ಜೊತೆಗೆ ಕೆರೆಗೆ ಇಳಿಯಿತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಊರಿನವರು ವರ್ತಕನ ಅಂಗಳಕ್ಕೆ ಬೀಗ ಜಡಿಸಿದರು, ಕೆರೆಯ ಸುತ್ತ ಮುಳ್ಳಿನ ಬೇಲಿ ಹಾಕಿದರು. ಕುಡಿಯಲು ಟ್ಯಾಂಕರ್ ನೀರಿಗೆ ಕಾದು ನಿಂತರು.

ಅದೇ ಊರಿನಲ್ಲಿ ರಸಾಯನಶಾಸ್ತ್ರ ಓದಿದವನೊಬ್ಬನಿದ್ದ. ಒಳ್ಳೆಯ ಮನುಷ್ಯ. ಒಂದೇ ಕೊರತೆ, ತನ್ನ ವಿದ್ಯೆಯ ಮೇಲೆ ಎಲ್ಲಿಲ್ಲದ ಭರವಸೆ. ಆ ವಿಷವನ್ನು ಒಡೆಯುವ ಮದ್ದು ತನಗೆ ಗೊತ್ತು ಎಂದ. ಕೆರೆಗೆ ಮದ್ದು ಸುರಿದ. ದಿನವೂ ನೀರು ತಂದು ಗಾಜಿನ ನಳಿಗೆಯಲ್ಲಿ ಪರೀಕ್ಷೆ ಮಾಡಿದ. ವಿಷವಿದ್ದರೆ ನಳಿಗೆಯ ನೀರು ಕೆಂಪಾಗಬೇಕು. ಆ ಕೆಂಪು ದಿನದಿನಕ್ಕೆ ತೆಳುವಾಯಿತು, ಕಡೆಗೆ ಇಲ್ಲವೇ ಇಲ್ಲವಾಯಿತು. ಅವನು ಏರಿಯ ಮೇಲೆ ನಿಂತು, ವಿಷ ಒಡೆದುಹೋಯಿತು ಎಂದು ಸಾರಿದ. ಜನ ಒಡೆದು ಎಂಬುದನ್ನು ಬಿಟ್ಟರು, ಹೋಯಿತು ಎಂಬುದನ್ನಷ್ಟೇ ಕೇಳಿಸಿಕೊಂಡರು. ನಿಜ ಹೇಳಬೇಕೆಂದರೆ ಅವನೂ ಹಾಗೆಯೇ ಕೇಳಿಸಿಕೊಂಡಿದ್ದ. ಅಂದೇ ಬೇಲಿ ಕಿತ್ತರು.

ಆ ಊರಿನಲ್ಲೊಂದು ಪದ್ಧತಿ. ಕೆರೆಯನ್ನಾಗಲಿ ಬಾವಿಯನ್ನಾಗಲಿ ಯಾರು ಶುದ್ಧ ಮಾಡುತ್ತಾರೋ ಅವರ ಮನೆಯವರೇ ಮೊದಲ ಬೊಗಸೆ ಕುಡಿಯಬೇಕು. ಆಮೇಲೆ ಊರು. ಅವನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತುಂಬು ಬಸುರಿ ಕುಡಿದರೆ ಊರಿಗೇ ಒಳ್ಳೆಯದು ಎಂದು ಹಿರಿಯರು ಒಳ್ಳೆಯ ದಿನ ಗೊತ್ತು ಮಾಡಿದರು. ಅವನು ಬೀಗಿಹೋದ, ಒಪ್ಪಿದ.

ಆ ದಿನ ಬೆಳಿಗ್ಗೆ ಕೆರೆಯ ಕಡೆ ಹೋಗಿ ನೋಡಿದ. ನೀರು ತಿಳಿಯಾಗಿತ್ತು. ಆದರೆ ನೀರಿನ ಬಸವನಹುಳುಗಳೆಲ್ಲ ದಡದ ಕಲ್ಲು ಹತ್ತಿ ಕೂತಿದ್ದವು. ಬಿಸಿಲು ಏರುತ್ತಿದ್ದರೂ ಒಂದೂ ಕೆಳಗಿಳಿಯಲಿಲ್ಲ. ಒಂದನ್ನು ಬಿಡಿಸಿ ನೀರಿಗೆ ಹಾಕಿದ. ಅದು ತೆವಳುತ್ತ ಮತ್ತೆ ಕಲ್ಲಿಗೇ ಬಂತು. ನಳಿಗೆಯಲ್ಲಿ ನೀರು ಹಿಡಿದು ನೋಡಿದ. ಕೆಂಪಿಲ್ಲ. ವಿಷವಿಲ್ಲದ ನೀರಿಗೆ ಹುಳುಗಳು ಯಾಕೆ ಹೆದರಬೇಕು? ಹುಳುವಿಗೇನು ಗೊತ್ತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮನೆಗೆ ಬಂದ.

ಒಳಗೆ ಹೆಂಡತಿ ಒಲೆಯ ಮುಂದೆ ಗೊಣಗುತ್ತಿದ್ದಳು. ಹಾಲು ಒಡೆದುಹೋಯಿತಂತೆ. ಅವನು ಬಗ್ಗಿ ನೋಡಿದ. ಹೋಯಿತು ಎಂದಳೇ ಹೊರತು ಪಾತ್ರೆ ತುಂಬಿಯೇ ಇತ್ತು, ಅದರಲ್ಲಿ ಹಾಲು ಮಾತ್ರ ಇರಲಿಲ್ಲ. ಅವನಿಗೆ ಥಟ್ಟನೆ ಹೊಳೆಯಿತು. ತಾನು ಒಡೆದದ್ದೂ ಹೀಗೆಯೇ ಕೆರೆಯೊಳಗೇ ಇದೆ, ಬೇರೆ ಏನೋ ಆಗಿ ಕೂತಿದೆ. ತನ್ನ ನಳಿಗೆಗೆ ಹಳೆಯ ವಿಷದ ಗುರುತು ಗೊತ್ತೇ ವಿನಾ ಹೊಸದರ ಗುರುತು ಗೊತ್ತಿಲ್ಲ. ಅದು ಹಳೆಯದಕ್ಕಿಂತ ಸೌಮ್ಯವೋ ಘೋರವೋ ಯಾರು ಬಲ್ಲರು? ಮಗಳು ಎಲ್ಲಿ ಎಂದು ಕೇಳಿದ. ಈಗಷ್ಟೇ ಹೆಂಗಸರು ಹಿತ್ತಿಲ ದಾರಿಯಿಂದ ಕೆರೆಗೆ ಕರೆದುಕೊಂಡು ಹೋದರಲ್ಲ ಎಂದಳು ಹೆಂಡತಿ.

ಅವನು ಬರಿಗಾಲಲ್ಲೇ ಓಡಿದ. ಸಂಭ್ರಮ ತಡೆಯಲಾರದೆ ಓಡುತ್ತಿದ್ದಾನೆ ಎಂದುಕೊಂಡು ಜನ ನಗುತ್ತ ದಾರಿ ಬಿಟ್ಟರು. ಮಗಳು ಮೆಟ್ಟಿಲ ಮೇಲೆ ನಿಂತು ಬೊಗಸೆ ತುಂಬಿಕೊಂಡಿದ್ದಳು. ಇನ್ನೇನು ತುಟಿಗೆ ತಾಗಬೇಕು, ಇವನು ಅವಳ ಕೈ ತಟ್ಟಿ ನೀರು ಚೆಲ್ಲಿದ. ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ವಿಷ ಹೋಯಿತು ಎಂದವನು ನೀನೇ ತಾನೇ, ಈಗ ಇದರಲ್ಲಿ ಏನಿದೆಯೋ ಮಾರಾಯ ಎಂದು ಹಿರಿಯನೊಬ್ಬ ಕೇಳಿದ.

"ಗೊತ್ತಿಲ್ಲ," ಎಂದ ಅವನು. ಏನೇ ಇರಲಿ, ಮಗಳಂತೂ ಉಳಿದಳು ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದ.

ಅಪ್ಪನ ಗಾಬರಿ ನೋಡಿ ಮಗಳಿಗೆ ಕನಿಕರವಾಯಿತು. ಅವನ ತೋಳು ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಯಾಕಪ್ಪಾ ಹೆದರ್ತೀಯ? ನೀನು ಸಾರಿದ ದಿನದಿಂದ ನಾನು ಇದೇ ನೀರು ತರಿಸಿಕೊಂಡು ಕುಡೀತಿದ್ದೀನಿ. ನಿನ್ನ ಮಾತಿಗಿಂತ ಈ ಮೊದಲ ಬೊಗಸೆಯ ಶಾಸ್ತ್ರ ದೊಡ್ಡದಾ?"

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಮಗಳ ಹೊಟ್ಟೆಯ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರಿಬಸವನಿಗೆ ತಡೆಯಲಾಗಲಿಲ್ಲ. ಆ ಕೂಸಿಗೆ ಏನಾಯಿತು ಎಂದು ಕೇಳಿದ.

"ನೀನು ಒಡೆದ ಸಿಟ್ಟನ್ನು ಈಗ ಯಾರು ಕುಡಿಯುತ್ತಿದ್ದಾರೆ, ಮೊದಲು ಅದನ್ನು ಹೇಳು," ಎಂದರು ಗುರುಗಳು.