ಹಲ್ಲಕ್ಕ ಬಾಲ ಬಿಟ್ಟುಕೊಟ್ಟದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ನದಿಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಕಂಡಕಂಡವರ ಮನೆಗೆ ಹೇಳದೆ ಕೇಳದೆ ನುಗ್ಗುತ್ತಿತ್ತು. ಹಲ್ಲಿಗೂ, ಅಂದರೆ ನಮ್ಮ ಹಲ್ಲಕ್ಕನಿಗೂ, ಆಗ ಗೋಡೆ ಹತ್ತಲು ಬರುತ್ತಿರಲಿಲ್ಲ. ಎಲ್ಲರ ಹಾಗೆ ನೆಲದ ಮೇಲೆಯೇ ಅದರ ಸಂಸಾರ.

ನೆಲದ ಮೇಲಿನ ಸಂಸಾರ ಅಂದಮೇಲೆ ಕೇಳಬೇಕೆ? ಹಲ್ಲಕ್ಕ ಎಲ್ಲಿ ಮೊಟ್ಟೆ ಇಟ್ಟರೆ ಅಲ್ಲೇ ಬಂದು ಎಮ್ಮೆ ಮಲಗುತ್ತಿತ್ತು. "ನಿನ್ನ ಮೊಟ್ಟೆ ಅಂತ ಗೊತ್ತಾಗ್ಲಿಲ್ಲ ಕಣೇ" ಎಂದು ಆರಾಮವಾಗಿ ಮೆಲುಕು ಹಾಕುತ್ತಿತ್ತು. ಜಾಗ ಬದಲಿಸಿದರೆ ಬೆಕ್ಕಿನ ಕಾಟ. ಒಂದು ಮರಿಯೂ ಉಳಿದಿರಲಿಲ್ಲ. ಈಗ ಮತ್ತೆ ಮೊಟ್ಟೆ ಇಡುವ ಹೊತ್ತು ಬಂದಿತ್ತು. ಹಲ್ಲಕ್ಕನಿಗೆ ತಲೆ ಕೆಟ್ಟುಹೋಯಿತು. ಗೋಡೆ ಹತ್ತುವ ಕಾಲು ಕೊಡು ಎಂದು ಕೇಳಲು ಸೀದಾ ದೇವರ ಗುಡಿಗೆ ಹೋದಳು.

ಹೋದರೆ ಬಾಗಿಲಿಗೆ ತೆರೆ ಹಾಕಿತ್ತು. ಹೊಸ್ತಿಲ ಪಕ್ಕ ಚೆನ್ನಜ್ಜಿ ತುಂಬೆ ಹೂ ಕಟ್ಟುತ್ತಾ ಕೂತಿದ್ದಳು. ಗುಡಿ ಗುಡಿಸುವುದು, ಬಂದವರನ್ನು ಕೂರಿಸುವುದು ಅವಳ ಕೆಲಸ.

"ನೈವೇದ್ಯ ಆಗ್ತಿದೆ. ಕೂತ್ಕೊ ತಾಯಿ" ಎಂದಳು ಚೆನ್ನಜ್ಜಿ.

ಹಲ್ಲಕ್ಕ ಕೂತಳು. ಎದ್ದಳು. ಮತ್ತೆ ಕೂತಳು. ತೆರೆ ಅಲ್ಲಾಡಲಿಲ್ಲ. ಬೇಸರ ಬಂದು ನಾಲಿಗೆಯಲ್ಲೇ "ಲೊಚ್ ಲೊಚ್" ಎಂದಳು.

ಗುಡಿಯ ಮುಂದೆ ಹರಿಯುತ್ತಿದ್ದ ನದಿಗೆ ಅದು ಕೇಳಿಸಿತು. "ನಾನೂ ದಾರಿ ಕೇಳೋಕೆ ಬಂದವಳೇ. ಕಾದೂ ಕಾದೂ ಕಡೆಗೆ ಇಳಿಜಾರು ಕಂಡ ಕಡೆ ಹರಿದೆ. ಅದೇ ದಾರಿ ಆಯ್ತು ನೋಡು" ಎಂದಿತು.

"ನಿನಗೇನಮ್ಮ, ನಿನ್ನ ಮೇಲೆ ಎಮ್ಮೆ ಮಲಗಿದ್ರೂ ನಡೆಯುತ್ತೆ" ಎಂದಳು ಹಲ್ಲಕ್ಕ.

ಹಲ್ಲಕ್ಕ ತೆರೆಯ ಕಡೆ ತಿರುಗಿ ತಾನೇ ಶುರು ಮಾಡಿದಳು. "ದೇವರೇ, ನನಗೆ ಪೂರ್ವದ ಗೋಡೆ ಕೊಡು. ದೀಪದ ಹತ್ತಿರ ಇರಲಿ, ಹುಳ ಬರುತ್ವೆ. ಗಾಳಿ ಬೀಸೋ ಜಾಗ ಬೇಡ."

ತೆರೆ ಅಲ್ಲಾಡಲಿಲ್ಲ.

"ಶನಿವಾರ ನೊಣ ಮುಟ್ಟಲ್ಲ. ಹರಕೆ ಅಂತ ತಿಳ್ಕೊ."

ತೆರೆ ಅಲ್ಲಾಡಲಿಲ್ಲ.

"ಹೋಗ್ಲಿ, ಸೋಮವಾರಾನೂ ಮುಟ್ಟಲ್ಲ."

ತೆರೆ ಅಲ್ಲಾಡಲೇ ಇಲ್ಲ. ಲೊಚ್ ಲೊಚ್ ಲೊಚ್.

ಚೆನ್ನಜ್ಜಿ ಹೂವಿಗೆ ಗಂಟು ಹಾಕುತ್ತಾ ಹೇಳಿದಳು, "ಕೇಳೋದು ನಿನ್ನ ಕೆಲಸ, ಕೊಡೋದು ಅವನ ಕೆಲಸ. ಎರಡನ್ನೂ ನೀನೇ ಯಾಕೆ ಹೊತ್ಕೋತೀಯ?"

"ಅವನ ಕೆಲಸ ಅವನು ಮಾಡಿದ್ರೆ ನಾನ್ಯಾಕಜ್ಜಿ ಹೊತ್ಕೊಳ್ಳಲಿ? ಹೊಟ್ಟೆಯೊಳಗಿನ ಮೊಟ್ಟೆ ಅವನ ಊಟ ಮುಗಿಯೋವರೆಗೂ ಕಾಯುತ್ತಾ?"

ಅಜ್ಜಿ ಹೂ ಕಟ್ಟುವುದನ್ನು ಮುಂದುವರಿಸಿದಳು. ಆ ನಿಧಾನ ನೋಡಿಯೇ ಹಲ್ಲಕ್ಕನ ಮೈ ಉರಿಯಿತು. ಇನ್ನು ಕಾಯುವುದು ತನ್ನಿಂದಾಗದು ಎಂದುಕೊಂಡು ತೆರೆಯ ಅಡಿಯಿಂದ ಒಳಗೆ ನುಸುಳಿದಳು.

ನುಸುಳಿದ್ದು ಮೈ ಮಾತ್ರ. ಬಾಲ ಇನ್ನೂ ಹೊರಗಿತ್ತು. ಪ್ರಸಾದದ ಹಾಲಿಗೆ ಕಾದು ಕೂತಿದ್ದ ಬೆಕ್ಕು ಅದನ್ನು ನೋಡಿತು, ಪಂಜದಲ್ಲಿ ಅದುಮಿ ಹಿಡಿಯಿತು.

ಒಳಗೆ ದೇವರು ಮೊಸರನ್ನ ಕಲಸುತ್ತಿದ್ದ.

"ದೇವರೇ, ಬೆಕ್ಕು" ಎಂದಳು ಹಲ್ಲಕ್ಕ.

"ಬಂದೆ ಬಂದೆ" ಎಂದು ದೇವರು ಉಪ್ಪಿನಕಾಯಿ ನೆಂಚಿಕೊಂಡ.

ಬೆಕ್ಕು ಎಳೆಯಿತು. ಹಲ್ಲಕ್ಕ ಹೊಸ್ತಿಲಿಗೆ ಉಗುರು ಊರಿ ಈ ಕಡೆ ಎಳೆದಳು. ಅವಳಿಗಿದ್ದ ಆಸ್ತಿಯೆಂದರೆ ಆ ಬಾಲ. ಅದನ್ನು ದಿನಾ ಉಜ್ಜಿ ಉಜ್ಜಿ ಹೊಳಪು ಮಾಡಿಟ್ಟುಕೊಂಡಿದ್ದಳು. ಬಿಡುವ ಮಾತೇ ಇಲ್ಲ. ಬೆಕ್ಕು ಇನ್ನಷ್ಟು ಎಳೆಯಿತು. ಉಗುರು ಜಾರಿತು. ಮೊಟ್ಟೆ ತುಂಬಿದ ಹೊಟ್ಟೆ ನೆಲಕ್ಕೆ ಉಜ್ಜಿ ಉರಿಯಿತು. ಇನ್ನೊಂದು ಗೇಣು ಹಿಂದಕ್ಕೆ ಹೋದರೆ ಮೊಟ್ಟೆಯೂ ಇಲ್ಲ, ಹಲ್ಲಕ್ಕನೂ ಇಲ್ಲ.

ಅವಳಿಗೆ ಅಳು ಬರಲಿಲ್ಲ, ಭಕ್ತಿಯೂ ಬರಲಿಲ್ಲ. ಬಂದದ್ದು ರೋಸಿಕೆ. ಬೆಕ್ಕಿನ ಮೇಲೆ, ಬಾಲದ ಮೇಲೆ, ಉಪ್ಪಿನಕಾಯಿಯ ಮೇಲೆ.

"ಸಾಕಪ್ಪ ಸಾಕು" ಎಂದಳು. "ಬಾಲಾನೂ ನಿಂದು, ಮೊಟ್ಟೇನೂ ನಿಂದು, ನಾನೂ ನಿನ್ನವಳೇ. ಏನ್ ಬೇಕಾದ್ರೂ ಮಾಡ್ಕೊ. ನನ್ನ ಕೈಲಿ ಆಗಲ್ಲ."

ಹಾಗೆಂದು ಮೈ ಸಡಿಲ ಬಿಟ್ಟಳು. ಬಾಲ ಕಳಚಿಕೊಂಡಿತು. ಹಲ್ಲಕ್ಕ ಉರುಳಿಹೋಗಿ ದೇವರ ಎಲೆಯ ಪಕ್ಕ ಬಿದ್ದಳು. ಹೊರಗೆ ಬಾಲ ತನ್ನಷ್ಟಕ್ಕೆ ಕುಣಿಯತೊಡಗಿತು. ಬೆಕ್ಕು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಾ ನಿಂತಿತು.

ಚೆನ್ನಜ್ಜಿ ಹೂವಿನ ದಾರ ಕೆಳಗಿಟ್ಟಳು. "ಇಷ್ಟು ಕಾಲದಿಂದ ಇಲ್ಲಿ ಕೂತಿದ್ದೀನಿ, ನನ್ನ ಬಾಯಲ್ಲಿ ಇವತ್ತಿನವರೆಗೂ ‘ಎಲ್ಲಾ ನಿಂದೇ’ ಅನ್ನೋ ಮಾತು ಬರಲಿಲ್ಲ ನೋಡು" ಎಂದಳು. ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು.

ದೇವರು ಕೈ ತೊಳೆದುಕೊಂಡ. "ಯಾವ ಗೋಡೆ ಅಂದೆ?"

"ಯಾವುದಾದ್ರೂ ಸರಿ" ಎಂದಳು ಹಲ್ಲಕ್ಕ.

ದೇವರು ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ. ಹಲ್ಲಕ್ಕ ಗೋಡೆಗೆ ಕಾಲಿಟ್ಟಳು. ಕಾಲು ಜಾರಲಿಲ್ಲ. ಎಮ್ಮೆಗೂ ಬೆಕ್ಕಿಗೂ ಎಟುಕದ ಒಂದು ಬಿರುಕು ನೋಡಿ ಅಲ್ಲಿ ಮೊಟ್ಟೆ ಇಟ್ಟಳು. ಆಮೇಲೆ ಹಿಂದೆ ತಿರುಗಿ ತನ್ನ ಮೋಟು ಬೆನ್ನು ನೋಡಿಕೊಂಡಳು.

"ಬಾಲ?"

"ಬರುತ್ತೆ" ಎಂದ ದೇವರು.

"ಯಾವಾಗ?"

"ಬರುತ್ತೆ."

ಅದಕ್ಕೇ ಮಗು, ಇವತ್ತಿಗೂ ಬೆಕ್ಕು ಹಿಡಿದರೆ ಹಲ್ಲಿ ಬಾಲವನ್ನು ಅಲ್ಲೇ ಬಿಟ್ಟುಕೊಟ್ಟು ಗೋಡೆ ಹತ್ತಿಬಿಡುತ್ತದೆ. ಬಾಲ ಮತ್ತೆ ಬಂದೇ ಬರುತ್ತದೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು, ಆದರೂ ಮೇಲೆ ಕೂತು ಲೊಚ್ ಲೊಚ್ ಎಂದು ದೇವರನ್ನು ಕೇಳುತ್ತಲೇ ಇರುತ್ತದೆ.