ಸಾಹುಕಾರರ ಕೋವಿಗೆ ಮರಿಸಿದ್ದ ಬಣ್ಣ ಹೊಡೆದದ್ದು

ಕೂತ್ಕಳ್ರಪ್ಪಾ, ಹೇಳ್ತೀನಿ. ನಡುವೆ ನಕ್ಕರೆ ಪರವಾಗಿಲ್ಲ. ನಡುವೆ ಎದ್ದು ಹೋದವರಿಗೆ ಮಾತ್ರ ಮತ್ತೆ ಮೊದಲಿಂದ ಹೇಳೋದಿಲ್ಲ.

ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಮರಿಸಿದ್ದ. ವಯಸ್ಸು ಇಪ್ಪತ್ತಾರು, ಎದೆ ಇಷ್ಟಗಲ, ತೋಳು ಇಷ್ಟು ದಪ್ಪ. ಬುದ್ಧಿ ಎಷ್ಟು ಅಂತ ಕೇಳಬೇಡಿ. ಹೇಳಿದ ಮಾತು ಮೀರುವವನಲ್ಲ, ಅದೇ ಅವನ ರೋಗ. ಹಾಲು ಉಕ್ಕುತ್ತಾ ನೋಡು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡಿ, 'ಉಕ್ತು ಕಣವ್ವ' ಅಂತ ಬಂದು ಹೇಳುವವನು.

ಹೊಂಬಾಳಮ್ಮನಿಗೆ ಒಂದೇ ಆಸೆ. ತನ್ನ ಅಣ್ಣ ರಾಚಪ್ಪನ ಮಗಳು ಗೌರಮಣಿಯನ್ನು ಸೊಸೆ ಮಾಡಿಕೊಳ್ಳಬೇಕು. ಹುಡುಗಿ ಚುರುಕು, ಓದಿದವಳು. ಈ ಮಗನನ್ನು ಅವಳ ಕೈಗೆ ಹಾಕಿದರೆ ತಾನು ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು ಅಂತ ಲೆಕ್ಕ. ಏಳು ಸಲ ಕೇಳಿದಳು. ಏಳು ಸಲವೂ ರಾಚಪ್ಪ ಮಳೆ ಬೆಳೆ ವಿಷಯ ತೆಗೆದ.

ರಾಚಪ್ಪ ಬಣ್ಣಗಾರ. ಹತ್ತು ಊರಿಗೆ ಒಬ್ಬನೇ. ಜೀಪು, ಟ್ರ್ಯಾಕ್ಟರು, ಅಂಗಡಿ ಬೋರ್ಡು, ಎತ್ತಿನ ಕೊಂಬು, ಎಲ್ಲಕ್ಕೂ ಅವನದೇ ಕೈ. ಆ ಕೈಯೇ ಮುರಿಯಿತು. ಏಣಿಯಿಂದ ಬಿದ್ದು ಬಲಗೈಗೆ ಪಟ್ಟು ಕಟ್ಟಿಸಿಕೊಂಡು ಕೂತಿದ್ದ. ಅದೇ ಹೊತ್ತಿಗೆ ಸಾಹುಕಾರ್ ಗುರುಮಲ್ಲಪ್ಪನವರ ಕೋವಿ ಬಂತು.

ಹೊಸ ಕೋವಿ. ಹೆಗಲಿಗೆ ಆನಿಸುವ ಹಿಂದಿನ ಹಿಡಿ ಮರದ್ದಲ್ಲ, ಪ್ಲಾಸ್ಟಿಕ್ಕು. ಕಾಗೆ ಕಪ್ಪು. ಕಾಡುಹಂದಿ ಓಡಿಸೋಕೆ ಅಂತ ಲೈಸೆನ್ಸು ಮಾಡಿಸಿದ್ದರು. ಅದರಿಂದ ಒಂದು ಗುಂಡು ಹಾರಿದ್ದನ್ನು ಕಂಡವರಿಲ್ಲ. ಹಂದಿಗಳು ಬಂದು ಗೆಣಸು ತಿಂದು, ತೇಗಿ ಹೋಗುತ್ತಿದ್ದವು. ಸಾಹುಕಾರರಿಗೆ ಕೋವಿ ಬೇಕಾಗಿದ್ದದ್ದು ಫೋಟೊಗೆ. ಆಯುಧಪೂಜೆ ದಿನ ಅದನ್ನು ಹೆಗಲಿಗೇರಿಸಿ ಫೋಟೊ ತೆಗೆಸಬೇಕು, ಫ್ಲೆಕ್ಸ್ ಮಾಡಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ಮುಂದಿನ ತಿಂಗಳು ಹಾಲಿನ ಡೇರಿ ಚುನಾವಣೆ. ಹಾಲಿಗೂ ಕೋವಿಗೂ ಏನು ಸಂಬಂಧ ಅಂತ ಕೇಳುವ ಧೈರ್ಯ ಆ ಊರಲ್ಲಿ ಯಾರಿಗಿತ್ತು?

"ರಾಚಪ್ಪ, ಕಪ್ಪು ಬೇಡ. ಹಿಡಿಗೆ ನನ್ನ ಜೀಪಿನ ಬಣ್ಣ ಬರಬೇಕು. ನಡುವೆ ಒಂದು ಪಟ್ಟಿ, ಅದು ನನ್ನ ಮೀಸೆ ಬಣ್ಣ. ಅಂಥ ಕೋವಿ ಈ ತಾಲ್ಲೂಕಲ್ಲೇ ಇರಬಾರದು!" ಅಂದರು ಸಾಹುಕಾರರು.

ಹೊಂಬಾಳಮ್ಮ ಅಲ್ಲೇ ಇದ್ದಳು. ಎಂಟನೇ ಸಲ ಬಾಯಿ ಬಿಟ್ಟಳು.

"ಅಣ್ಣಯ್ಯಾ, ನಿನ್ ಕೈ ಹಿಂಗಾಗದೆ. ನನ್ ಮಗನ ಕೈಲಿ ಮಾಡ್ಸು. ನೆಟ್ಟಗೆ ಮಾಡಿದ್ರೆ ಹೆಣ್ ಕೊಡು. ಇಲ್ಲಾಂದ್ರೆ ಇನ್ನೊಂದ್ ಸಲ ಕೇಳಾಕಿಲ್ಲ!"

ರಾಚಪ್ಪ ಪಟ್ಟು ಕಟ್ಟಿದ ಕೈ ನೋಡಿಕೊಂಡ. "ಆಗ್ಲಿ. ಒಂದೇ ಒಂದು ಕೆಲ್ಸ ಹೇಳ್ದಂಗೆ ಮಾಡ್ಲಿ, ಕೊಡ್ತೀನಿ" ಅಂದ. ತಂಗಿಯ ಬಾಯಿ ಮುಚ್ಚಿಸೋಕೆ ಆಡಿದ ಮಾತು ಅದು.

ಮೊದಲ ದಿನ. "ಮರಿಸಿದ್ದ, ಪ್ಲಾಸ್ಟಿಕ್ ಮೇಲೆ ಜಿಡ್ಡಿದ್ರೆ ಬಣ್ಣ ಹಿಡಿಯಾಕಿಲ್ಲ. ಸೋಪು ಹಾಕಿ ಚೆನ್ನಾಗಿ ತೊಳ್ಕಂಡು ಬಾ."

"ಆಗ್ಲಿ ಮಾವ!"

ಕೆರೆಗೆ ಹೋದ. ಕೋವಿಯನ್ನು ಎಮ್ಮೆಗಳ ಪಕ್ಕದಲ್ಲಿ ಮುಳುಗಿಸಿದ. ಸೋಪು ಹಾಕಿ ಉಜ್ಜಿದ, ತೆಂಗಿನ ನಾರು ಹಾಕಿ ತಿಕ್ಕಿದ, ನಳಿಗೆಯೊಳಗೆ ನೀರು ತುಂಬಿ ಬಾಯಿಗೆ ಬೆರಳಿಟ್ಟು ಕುಲುಕಿದ. ತಂದು ಮಾವನ ಮುಂದೆ ಬಗ್ಗಿಸಿದ. ನಳಿಗೆಯಿಂದ ನೊರೆ ಬಂತು, ನೊರೆ ಹಿಂದೆ ಕೆಸರು ಬಂತು, ಕೆಸರು ಹಿಂದೆ ಎರಡು ಮೀನಿನ ಮರಿ ಬಂದವು.

"ಅಯ್ಯೋ ಪೆದ್ದೇ! ಕಬ್ಬಿಣಕ್ಕೆ ಯಾಕೋ ಸ್ನಾನ? ತಿರುಪು ಬಿಚ್ಚಿ, ಬೇಕಾದ್ದಷ್ಟನ್ನೇ ಬೇರೆ ಮಾಡಿ ತಗಬೇಕು ಕಣೋ!"

"ಅದ್ನ ಮೊದ್ಲೇ ಹೇಳ್ಬಾರ್ದಾ ಮಾವ? ಇನ್ಮೇಲೆ ಹಂಗೇ ಮಾಡ್ತೀನಿ."

ಹಂಗೇ ಮಾಡಿದ ನೋಡಿ. ಮಾರನೇ ದಿನ ರಾಚಪ್ಪ ಅಂದ, "ಹೋಗು, ಸಾಹುಕಾರ್ರ ಜೀಪು ಯಾವ ಬಣ್ಣ ಅಂತ ಸರಿಯಾಗಿ ನೋಡ್ಕಂಡು ಬಾ."

ಮಧ್ಯಾಹ್ನ ಆಯಿತು, ಮರಿಸಿದ್ದ ಬಂದ. ತಲೆ ಮೇಲೆ ಜೀಪಿನ ಬಾಗಿಲು! ಗಿಣಿ ಹಸಿರು. ಹಿಂದೆ ಊರಿನ ಮಕ್ಕಳೆಲ್ಲ ಮೆರವಣಿಗೆ.

"ಏನೋ ಇದು!"

"ಬಣ್ಣ ಮಾವ. ತಿರುಪು ಬಿಚ್ಚಿ, ಬೇಕಾದ್ದಷ್ಟನ್ನೇ ತಂದಿವ್ನಿ. ಜೀಪು ಅಲ್ಲೇ ಅದೆ."

ರಾಚಪ್ಪನಿಗೆ ಮುರಿದ ಕೈಯಲ್ಲೇ ಹೊಡೆಯುವಷ್ಟು ಸಿಟ್ಟು ಬಂತು. ಒಳಗಿನಿಂದ ಗೌರಮಣಿ ನಗುವುದು ಕೇಳಿಸಿತು. "ಬಾಗ್ಲು ಯಾಕೋ ಬೇಕಾಗಿತ್ತು? ಉಪ್ಪುಕಾಗದ ತಗಂಡು, ಯಾರ್ಗೂ ಕಾಣದ ಮೂಲೇಲಿ ಎರಡ್ ಸಲ ಉಜ್ಜಿದ್ರೆ ಕಾಗದಕ್ಕೆ ಬಣ್ಣ ಹತ್ತತದೆ. ಆ ಕಾಗದ ತಂದ್ರೆ ಆಯ್ತು!"

"ಅದ್ನ ಮೊದ್ಲೇ ಹೇಳ್ಬಾರ್ದಾ ಮಾವ? ಇನ್ಮೇಲೆ ಹಂಗೇ ಮಾಡ್ತೀನಿ."

ಬಾಗಿಲು ವಾಪಸ್ಸು ಹೋಯಿತು, ಹಸಿರು ಸಿಕ್ಕಿತು. ಉಳಿದದ್ದು ಮೀಸೆ ಬಣ್ಣ. ಸಾಹುಕಾರರ ಮೀಸೆ ಅಂದರೆ ಸುಮ್ಮನೆ ಅಲ್ಲ. ಅರವತ್ತೆರಡು ವರ್ಷದ ಮುಖದ ಮೇಲೆ ಇಪ್ಪತ್ತು ವರ್ಷದ ಕಪ್ಪು. 'ನಮ್ಮ ವಂಶದಲ್ಲಿ ಕೂದಲು ನರೆಯೋದಿಲ್ಲ' ಅಂತ ಭಾಷಣದಲ್ಲೇ ಹೇಳುತ್ತಿದ್ದರು. ಕೇಳಿದವರು ಚಪ್ಪಾಳೆ ತಟ್ಟುತ್ತಿದ್ದರು.

"ಆ ಕಪ್ಪು ಎಷ್ಟು ಗಾಢ ಅಂತ ನೋಡ್ಕಂಡು ಬಾ" ಅಂದ ರಾಚಪ್ಪ.

ಮರಿಸಿದ್ದ ಹೋದಾಗ ಸಾಹುಕಾರರು ಉಂಡು, ಜಗಲಿಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಯಾರಿಗೂ ಕಾಣದ ಮೂಲೆ ಅಂದರೆ ಮೂಗಿನ ಕೆಳಗಿನ ಮೂಲೆ. ಉಪ್ಪುಕಾಗದ ತೆಗೆದ. ಸರ್ ಅಂತ ಒಂದು ಸಲ, ಸರ್ ಅಂತ ಇನ್ನೊಂದು ಸಲ.

"ಅಯ್ಯಯ್ಯಪ್ಪೋ!"

"ಆಯ್ತು ಬುದ್ಧಿ, ಆಯ್ತು! ಬಣ್ಣ ಹತ್ತದೆ!"

ಕಾಗದ ಕಪ್ಪಾಗಿತ್ತು. ಮೀಸೆಯ ಬಲಭಾಗ ಬೆಳ್ಳಗಾಗಿತ್ತು. ಸಾಹುಕಾರರು ಕೂಗಾಡಿದರು ಅಂದುಕೊಂಡಿರಾ? ಇಲ್ಲ! ಕೂಗಿದರೆ ಜನ ಸೇರುತ್ತಾರೆ. ಜನ ಸೇರಿದರೆ ಮೀಸೆ ನೋಡುತ್ತಾರೆ. ದೂರು ಕೊಟ್ಟರೆ, ನನ್ನದು ಬಿಳಿ ಮೀಸೆ ಅಂತ ತಾವೇ ಬರೆದುಕೊಟ್ಟ ಹಾಗೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೆ ನಡೆದರು. 'ಪಟ್ಟಿ ಬೇಡ, ಬರೀ ಹಸಿರೇ ಇರಲಿ' ಅಂತ ಹೇಳಿಕಳಿಸಿದರು.

ಈಗ ಬೈಯುವ ಸರದಿ ತಾಯಿಯದು. "ನನ್ ಹೊಟ್ಟೇಲಿ ಯಾಕೋ ಹುಟ್ದೆ! ದೊಡ್ಡೋರ ಮೀಸೆಗೆ ಕೈ ಹಾಕ್ತಾರೇನೋ! ಆ ಹುಡ್ಗಿ ನನ್ ಮನೆ ಬಾಗ್ಲು ತುಳೀತಾಳೇನೋ ಇನ್ನು!" ಅಂತ ಹೊಂಬಾಳಮ್ಮ ನಿಜವಾಗಿ ಅತ್ತಳು. ಮರಿಸಿದ್ದನಿಗೂ ಅಳು ಬಂತು. ತಾಯಿ ಅತ್ತರೆ ಅವನು ಅಳುವವನೇ, ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಾಚಪ್ಪ ಸಮಾಧಾನ ಮಾಡಿದ. "ಆಗಿದ್ದು ಆಯ್ತು. ನೋಡು, ಕೆಟ್ಟೋಗಬಾರ್ದು ಅನ್ನೋದ್ಕೆಲ್ಲ ಮೊದ್ಲು ಪೇಪರ್ ಸುತ್ತಿ ಟೇಪ್ ಹಾಕ್ಬೇಕು. ಆಮೇಲೆ ಕೆಲ್ಸಕ್ಕೆ ಕೈ ಹಾಕ್ಬೇಕು."

"ಇನ್ಮೇಲೆ ಹಂಗೇ ಮಾಡ್ತೀನಿ ಮಾವ."

ರಾಚಪ್ಪ ಆಸ್ಪತ್ರೆಗೆ ಹೋಗಿ ಸಂಜೆ ಬಂದು ನೋಡುತ್ತಾನೆ. ಬಾವಿಕಟ್ಟೆಗೆ ಪೇಪರು. ತುಳಸಿಕಟ್ಟೆಗೆ ಪೇಪರು. ಕರುವಿಗೆ ಪೇಪರು, ಕರುವಿನ ಬಾಲಕ್ಕೆ ಬೇರೆ ಪೇಪರು. ಹುಂಜ ಪೇಪರ್ ಅಂಗಿ ತೊಟ್ಟುಕೊಂಡು, ಕೂಗಲೋ ಬೇಡವೋ ಅಂತ ನಿಂತಿದೆ. ಜಗಲಿಯ ಮೇಲೆ ಹೊಂಬಾಳಮ್ಮ, ಕುತ್ತಿಗೆವರೆಗೂ ಪೇಪರು!

"ಅವ್ವ ಕೆಟ್ಟೋಗಬಾರ್ದಲ್ವಾ ಮಾವ?"

"ಕೋವಿ ಎಲ್ಲೋ?"

"ಇಲ್ಲೇ ಅದೆ. ಅದ್ರ ಹತ್ರಕ್ಕೆ ಬರೋ ಹೊತ್ಗೆ ಪೇಪರ್ ಮುಗೀತು."

ಗೌರಮಣಿ ಬಂದು ಅತ್ತೆಯನ್ನು ಬಿಡಿಸಿದಳು. ಬಿಡಿಸುತ್ತಾ, ಬಿಡಿಸುತ್ತಾ, ಅವಳ ಕಣ್ಣಲ್ಲಿ ನೀರು ಬರುವಷ್ಟು ನಗು. ರಾಚಪ್ಪ ಮಾತ್ರ ನಗಲಿಲ್ಲ. ಆಯುಧಪೂಜೆಗೆ ಇನ್ನು ಹತ್ತೇ ದಿನ.

"ಕೇಳೋ ಇಲ್ಲಿ! ಇದು ಕೊನೇ ಮಾತು! ಕರು ಬಿಡು, ಕೋಳಿ ಬಿಡು, ನಿಮ್ಮವ್ವನ್ನೂ ಬಿಡು. ಕೋವಿ ಹಿಡಿಗೆ ಬಣ್ಣ ಹೊಡಿ. ತೆಳ್ಳಗೆ ಒಂದ್ ಕೈ. ಒಣಗಿದ್ ಮೇಲೆ ಇನ್ನೊಂದ್ ಕೈ. ಸಾಹುಕಾರ್ರು ಸಾಕು ಅನ್ನೋ ತನಕ ಹೊಡಿ. ಅವ್ರು ಸಾಕು ಅಂದ್ರೆ ನಿಲ್ಸು. ತಿಳೀತಾ?"

"ತಿಳೀತು ಮಾವ!"

ಅಯ್ಯೋ ರಾಚಪ್ಪ! ಹೇಳಿ ಹೇಳಿ ಎಂಥ ಮಾತು ಹೇಳಿದೆ! ಆ ಸಾಹುಕಾರರು ಹುಟ್ಟಿದಾರಭ್ಯ ಸಾಕು ಅಂದವರೇ ಅಲ್ಲ. ತೋಟಕ್ಕೆ ಅನ್ನಲಿಲ್ಲ, ತುಪ್ಪಕ್ಕೆ ಅನ್ನಲಿಲ್ಲ, ಹಾರಕ್ಕೆ ಅನ್ನಲಿಲ್ಲ.

ಮೊದಲ ದಿನ ಹಸಿರು. ಸಾಹುಕಾರರು ಬಂದರು, ನೋಡಿದರು. "ಇನ್ನೊಂದು ಕೈ!" ಮರಿಸಿದ್ದ ಹೊಡೆದ. ಮೂರನೇ ದಿನ ಬಂದರು. "ಹಸಿರು ಕಂಡ್ರೆ ಮೇಲಿನ ಬೀದಿಯೋರು ಮುನಿಸ್ಕೋತಾರೆ. ಮೇಲೊಂದು ಕೈ ಹಳದಿ!" ಹೊಡೆದ. ಐದನೇ ದಿನ, "ಹಳದಿಗೆ ಕೆಳಗಿನ ಬೀದಿಯೋರು ವೋಟು ಹಾಕಲ್ಲ. ಮೇಲೊಂದು ಕೈ ನೀಲಿ!" ಹೊಡೆದ. "ಹೆಂಗಸ್ರಿಗೆ ಗುಲಾಬಿ!" ಹೊಡೆದ. "ಭಕ್ತಾದಿಗಳಿಗೆ ಕುಂಕುಮ!" ಹೊಡೆದ. "ಯುವಕ್ರಿಗೆ ಮಿಣಮಿಣ ಮಿಂಚೋದು!" ಅದನ್ನೂ ಹೊಡೆದ. ತೆಳ್ಳಗೆ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಹಗಲೆಲ್ಲ ಅದೇ ಕೆಲಸ. ಹಿಡಿ ಮೊದಲು ಬಾಳೆಕಾಯಿಯ ಹಾಗಿತ್ತು, ಆಮೇಲೆ ಸೋರೆಕಾಯಿ ಆಯಿತು, ಹತ್ತನೇ ದಿನಕ್ಕೆ ಕುಂಬಳಕಾಯಿ.

ಆಯುಧಪೂಜೆ ಬಂತು. ಡೋಲು, ನಾಗಸ್ವರ, ಫೋಟೊದವನು, ಹಿಂದೆ ಊರು. ಕೋವಿಯನ್ನು ರಾಚಪ್ಪನ ಶೆಡ್ಡಿನಿಂದಲೇ ಮೆರವಣಿಗೆಯಲ್ಲಿ ಒಯ್ಯಬೇಕು ಅಂತ ಸಾಹುಕಾರರ ಆಸೆ. ಮೀಸೆಗೆ ಬೆಳಗ್ಗೆ ತಾನೇ ಹೊಸ ಕಪ್ಪು ಬಿದ್ದಿತ್ತು. ನಿಂತರು. ಎದೆ ಉಬ್ಬಿಸಿದರು. ಕೋವಿ ಎತ್ತಿದರು.

ಏಳಲಿಲ್ಲ.

"ಸ್ವಲ್ಪ ಮೇಲಕ್ಕೆ ಸಾರ್" ಅಂದ ಫೋಟೊದವನು. ತಬ್ಬಿಕೊಂಡು ಎತ್ತಿದರು. ಮೊಣಕಾಲಿಗೆ ಬಂತು. "ಇನ್ನೂ ಸ್ವಲ್ಪ!" ಸೊಂಟಕ್ಕೆ ಬಂತು. "ಹೆಗಲಿಗೆ ಸಾರ್, ಹೆಗಲಿಗೆ!" ಹೆಗಲಿಗೆ ಆನಿಸುವುದಿರಲಿ, ಹಿಡಿಯ ಸುತ್ತ ಎರಡು ಕೈ ಕೂಡಲಿಲ್ಲ. ಬೆವರು ಇಳಿಯಿತು. ಬೆವರಿನ ಜೊತೆ ಮೀಸೆಯ ಕಪ್ಪೂ ಇಳಿಯಿತು. ಪಕ್ಕದಲ್ಲಿ ಮರಿಸಿದ್ದ ಬ್ರಷ್ಷು ಅದ್ದಿಕೊಂಡು ನಿಂತಿದ್ದ.

"ಇನ್ನೊಂದ್ ಕೈ ಹೊಡೀಲಾ ಬುದ್ಧಿ?"

ದೊಪ್ಪ! ಕುಂಬಳಕಾಯಿ ಸಾಹುಕಾರರ ಕಾಲ ಮೇಲೆ ಬಿತ್ತು.

"ಅಯ್ಯೋ! ಸಾಕು! ಸಾಕು ಕಣೋ! ಸಾಕು!"

ಡೋಲು ನಿಂತಿತು. ಊರಿಗೆ ಊರೇ ಬಾಯಿ ತೆರೆಯಿತು. ಗುರುಮಲ್ಲಪ್ಪನವರ ಬಾಯಲ್ಲಿ ಆ ಮಾತು! ಮರಿಸಿದ್ದ ಬ್ರಷ್ಷು ತೊಳೆದು, ನೀಟಾಗಿ ಒರೆಸಿ ಇಟ್ಟ. "ಸಾಕು ಅಂದ್ರು ಮಾವ. ಕೆಲ್ಸ ಮುಗೀತು" ಅಂದವನೇ ಊಟಕ್ಕೆ ಮನೆಗೆ ಹೊರಟುಹೋದ. ಸಾಹುಕಾರರು ಕುಂಟುತ್ತಾ ಹೋದರು. ಕೋವಿ ಅಂಗಳದಲ್ಲೇ ಬಿದ್ದಿತ್ತು.

ರಾಚಪ್ಪ ಹಿಂದೆಯೇ ಓಡಿ ಬಂದು ಉಗಿದ. "ಏನ್ ತಿಂತಾ ಕೂತಿದ್ಯೋ! ಇನ್ನೊಬ್ರ ಮನೆ ವಸ್ತು, ಅದೂ ಲೈಸೆನ್ಸಿಂದು! ಅಂಗಳದಲ್ಲಿ ಬಿಟ್ಟು ಬರ್ತಾರೇನೋ? ಕಾರ್ಯ ಮುಗೀತಾ ಇದ್ದಂಗೆ ಒರ್ಸಿ, ಗೀರು ಬೀಳ್ದಂಗೆ ಪೇಪರ್ ಸುತ್ತಿ, ಯಾರ್ ಮನೆಯಿಂದ ಬಂತೋ ಅವ್ರ ಮನೇಗೇ ಒಪ್ಪಿಸ್ಬೇಕು. ಮುಟ್ಟಿತು ಅಂತ ಚೀಟಿ ಬರೆಸ್ಕಬೇಕು!"

"ಅದ್ನ ಮೊದ್ಲೇ ಹೇಳ್ಬಾರ್ದಾ ಮಾವ? ಇನ್ಮೇಲೆ ಹಂಗೇ ಮಾಡ್ತೀನಿ."

ಆ ಸಲಕ್ಕೆ ರಾಚಪ್ಪನೇ ಎಡಗೈಯಲ್ಲಿ ಹೆರೆದು ಹೆರೆದು, ಕೋವಿಯನ್ನು ಮತ್ತೆ ಕಪ್ಪಿಗೆ ತಂದು, ತಾನೇ ಒಯ್ದು ಕೊಟ್ಟ. ಸಾಹುಕಾರರು ಡೇರಿ ಚುನಾವಣೆಗೆ ನಿಲ್ಲಲಿಲ್ಲ. ಕಾಲು ನೋವು ಅಂದರು. ಬಿಳಿ ಮೀಸೆಯನ್ನು ಊರೆಲ್ಲ ನೋಡಿಯಾಗಿತ್ತು, ನೋವು ಎಲ್ಲಿ ಅಂತ ನಮಗೆ ಗೊತ್ತಿಲ್ಲವಾ?

ಹೊಂಬಾಳಮ್ಮ ಮಗನ ಮದುವೆಯ ಆಸೆ ಬಿಟ್ಟು ಕೂತಿದ್ದಳು. ಆದರೆ ಗೌರಮಣಿ ಅಪ್ಪನ ಮುಂದೆ ನಿಂತಳು.

"ಅಪ್ಪಾ, ಒಂದ್ ಕೆಲ್ಸ ಹೇಳ್ದಂಗೆ ಮಾಡ್ಲಿ ಅಂದಿದ್ದೆ. ಸಾಕು ಅನ್ನೋ ತನಕ ಹೊಡಿ ಅಂದೆ, ಹೊಡ್ದ. ಸಾಕು ಅಂದ್ರು, ನಿಲ್ಸಿದ. ನಿನ್ ಮಾತು ಉಳಿಸ್ಕೋ. ಹೇಳಿದ್ ಮಾತು ಕೇಳೋ ಗಂಡ್ಸು ಈ ಊರಲ್ಲಿ ಅವ್ನೊಬ್ನೇ!"

ರಾಚಪ್ಪ ಮುಹೂರ್ತ ಕೇಳೋಕೆ ಹೊರಟ. ಮದುವೆ ಆಯಿತು. ತಾಳಿ ಕಟ್ಟು ಅಂದರು, ಕಟ್ಟಿದ. ಮೂರು ಗಂಟು ಅಂದರು, ಮೂರೇ ಹಾಕಿದ. ಹೊಂಬಾಳಮ್ಮ ಸೊಸೆಯನ್ನು ಮನೆ ತುಂಬಿಸಿಕೊಂಡು, ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ನಿಶ್ಚಿಂತೆಯಾಗಿ ನಿದ್ದೆ ಮಾಡಿದಳು.

ಬೆಳಗ್ಗೆ ಎದ್ದು ನೋಡಿದರೆ ಮಗನೂ ಇಲ್ಲ, ಸೊಸೆಯೂ ಇಲ್ಲ. ತವರಿಗೆ ಹೋಗಿ ಬರೋಕೆ ಹೋಗಿರಬೇಕು, ಪಾಪ, ಹೊಸಬರು ಅಂದುಕೊಂಡು ಪಾಯಸಕ್ಕೆ ಇಟ್ಟಳು. ಮಧ್ಯಾಹ್ನಕ್ಕೆ ಮರಿಸಿದ್ದ ಒಬ್ಬನೇ ಬಂದ. ಮುಖ ಅರಳಿತ್ತು.

"ಹೆಂಡ್ತಿ ಎಲ್ಲೋ?"

"ಒಪ್ಪಿಸ್ಬಿಟ್ಟು ಬಂದೆ ಕಣವ್ವ!"

"ಏನಂದೆ?"

"ಮದ್ವೆ ಕಾರ್ಯ ಮುಗೀತಲ್ಲ. ಮಾವನ ಮನೆಯಿಂದ ತಂದಿದ್ದು, ಮಾವನ ಮನೇಗೇ ಒಪ್ಪಿಸ್ದೆ. ದಾರೀಲಿ ಗೀರು ಬೀಳ್ದಂಗೆ ಬಳೆಗೆಲ್ಲ ಪೇಪರ್ ಸುತ್ತಿದ್ದೆ. ಮಾವ ನೋಡಿ ಮಾತೇ ಆಡ್ಲಿಲ್ಲ, ಅಷ್ಟು ಚೆನ್ನಾಗಿತ್ತು!"

ಹೊಂಬಾಳಮ್ಮನ ಕೈಯಿಂದ ಸೌಟು ಬಿತ್ತು. ಮರಿಸಿದ್ದ ಜೇಬಿನಿಂದ ಮಡಿಸಿದ ಕಾಗದ ತೆಗೆದ.

"ಚೀಟಿನೂ ಮರೀಲಿಲ್ಲ ಕಣವ್ವ. ಮಾವನ ಬಲಗೈಗೆ ಪಟ್ಟು ಅಲ್ವಾ, ಬರೆಯಾಕೆ ಆಗ್ಲಿಲ್ಲ. ಗೌರಮಣಿನೇ ಕಿತ್ಕಂಡು ಬರೆದ್ಲು. ಓದ್ಲಾ? 'ಹುಡುಗಿ ಒಂದು, ಗೀರಿಲ್ಲದೆ ಮುಟ್ಟಿತು. ಗಂಡನ ಬುದ್ಧಿ ಇನ್ನೂ ಬಂದು ಮುಟ್ಟಿಲ್ಲ.' ಕೆಳಗೆ ಸೈನೂ ಹಾಕವ್ಳೆ, ನೋಡು!"