ಭಾವಮೈದ ಹಿಡಿದ ಹಗ್ಗ

“ಗುರುಗಳೇ, ಮೇಲೆತ್ತು ಎಂದು ಬೇಡಿದಾಗಲೆಲ್ಲ ದೇವರು ನನ್ನನ್ನು ಇನ್ನಷ್ಟು ಕೆಳಕ್ಕೇ ಇಳಿಸಿದ್ದಾನೆ. ಯಾವ ಧೈರ್ಯದ ಮೇಲೆ ಅವನನ್ನು ನಂಬಲಿ?”

ಹೀಗೆ ಕೇಳಿದ ಶಿಷ್ಯ ಮಠ ಬಿಡಲು ಗಂಟು ಕಟ್ಟಿಯಾಗಿತ್ತು. ಗುರುಗಳು ತಡೆಯಲಿಲ್ಲ. ಕತೆ ಹೇಳಿದರು.

ಒಂದು ಕಾಡಿನಲ್ಲಿ ಒಬ್ಬ ಜೇನು ಕೀಳುವವನಿದ್ದ. ಅವನಂತೆ ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆ ಇಳಿಯುವ ಗಂಡಸು ಆ ಕಾಡಿನಲ್ಲೇ ಇರಲಿಲ್ಲ. ಜೇನು ಕೀಳುವವರಲ್ಲೊಂದು ಕಟ್ಟಳೆ. ಬಂಡೆಯ ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಿರಬೇಕು. ಅಕ್ಕ ವಿಧವೆಯಾಗಲೆಂದು ಯಾವ ತಮ್ಮನೂ ಕೈ ಬಿಡುವುದಿಲ್ಲ.

ಆದರೆ ಒಮ್ಮೆ ಬಂಡೆ ಇಳಿಯುವ ಹಿಂದಿನ ದಿನ ಭಾವ ಮೈದುನರಿಗೆ ಜಗಳವಾಗಿತ್ತು.

“ಲೋ, ಸರಿಯಾಗಿ ಹಿಡಿ. ಕೈ ಬಿಟ್ಟರೆ ನಿನ್ನಕ್ಕ ನಿನ್ನ ಮನೆಗೇ ಬಂದು ಕೂರುತ್ತಾಳೆ.”

“ಅದೇ ಭಯಕ್ಕೆ ಹಿಡಿದಿದ್ದೇನೆ ಭಾವ. ನಿನ್ನ ಮುಖ ನೋಡಿದ್ದರೆ ಹಗ್ಗವನ್ನೇ ತರುತ್ತಿರಲಿಲ್ಲ.”

ಜೇನಿನವನು ಇಳಿದ. ಜೇನುಹುಟ್ಟಿಗೆ ಕೈ ಹಾಕುವಷ್ಟರಲ್ಲಿ ಗಾಳಿ ತಿರುಗಿತು. ನೊಣ ಓಡಿಸಲು ಹಾಕಿದ್ದ ಹೊಗೆ ಚದುರಿತು. ಹೆಜ್ಜೇನು ಎದ್ದು ಮುತ್ತಿತು. ಅವನು ಹಗ್ಗವನ್ನು ಎರಡು ಸಲ ಜಗ್ಗಿದ. ಎರಡು ಸಲ ಜಗ್ಗಿದರೆ ಮೇಲಕ್ಕೆಳೆ ಎಂದರ್ಥ.

ಹಗ್ಗ ಕೆಳಕ್ಕೆ ಇಳಿಯಿತು.

ಮತ್ತೆ ಜಗ್ಗಿದ. ಮತ್ತೂ ಒಂದು ಮಾರು ಕೆಳಕ್ಕೆ. ಕೂಗಿದ. ನೊಣಗಳ ಮೊರೆತದಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ನಿನ್ನೆಯ ಸೇಡು ತೀರಿಸುತ್ತಿದ್ದಾನೆ ಎನ್ನಿಸಿತು. ಕೈಗೆಟುಕುವಲ್ಲಿ ಒಂದು ಅತ್ತಿಯ ಬೇರು ಬಂಡೆಯ ಸಂದಿನಿಂದ ಹೊರಬಂದಿತ್ತು. ಇವನ ಹಗ್ಗಕ್ಕಿಂತ ಇದೇ ವಾಸಿ ಎಂದು ಎಡಗೈಯಲ್ಲಿ ಬೇರು ಹಿಡಿದ. ಬಲಗೈಯಲ್ಲಿ ಕತ್ತಿ ತೆಗೆದು ಸೊಂಟದ ಹಗ್ಗಕ್ಕೆ ಹಚ್ಚಿದ. ಒಂದೆಳೆ ಕೊಯ್ದ. ಎರಡನೆಯ ಎಳೆಗೆ ಕತ್ತಿ ತಾಗುವಾಗ ಬೇರು ಸಡಿಲಿ ಮಣ್ಣು ಉದುರಿತು. ಕೈ ನಿಂತಿತು. ಬೇರು ಬಿಟ್ಟು ಮತ್ತೆ ಹಗ್ಗಕ್ಕೇ ಜೋತುಬಿದ್ದ.

ಹಗ್ಗ ಇನ್ನೂ ಇಳಿಯಿತು. ಕಾಲಿಗೆ ಬಂಡೆಯ ಚಾಚು ಸಿಕ್ಕಿತು.

ಮೈದುನ ಗುಡ್ಡ ಬಳಸಿ ಓಡಿ ಬಂದ. ಅವನ ಅಂಗೈಗಳಲ್ಲಿ ಚರ್ಮವಿರಲಿಲ್ಲ.

“ಮೇಲೆ ಅಂಚಿಗೆ ಉಜ್ಜಿ ಮೂರೆಳೆಯಲ್ಲಿ ಎರಡು ಹರಿದಿತ್ತು ಭಾವ. ಮೇಲಕ್ಕೆಳೆದಿದ್ದರೆ ಹರಿದ ಜಾಗ ಅದೇ ಅಂಚಿಗೆ ಸಿಕ್ಕಿ ಪೂರಾ ಹೋಗುತ್ತಿತ್ತು. ಕೂಗಿ ಕೂಗಿ ಗಂಟಲು ಒಣಗಿತು. ನಿನಗೆ ಕೇಳಿಸಲಿಲ್ಲ.” ಆಮೇಲೆ ಭಾವನ ಸೊಂಟ ನೋಡಿದ. “ಇದನ್ನು ಯಾರು ಕೊಯ್ದದ್ದು?”

ಜೇನಿನವನು ಕತ್ತಿಯನ್ನು ಬೆನ್ನ ಹಿಂದೆ ಸರಿಸಿದ.

ಕತೆ ಮುಗಿಯಿತು. ಶಿಷ್ಯ ಗಂಟನ್ನು ಹೆಗಲಿಗೇರಿಸಿದ. “ಅವನ ಪುಣ್ಯ. ಅವನಿಗೆ ಕಾರಣವಾದರೂ ತಿಳಿಯಿತು. ನನಗೆ ಯಾರು ಬಂದು ಹೇಳುತ್ತಾರೆ?”

ಗುರುಗಳು ಒಂದೇ ಮಾತು ಹೇಳಿದರು: “ಅವನಿಗೆ ಕಾರಣ ತಿಳಿದದ್ದು ಕಾಲೂರಿದ ಮೇಲೆ, ನೀನಿನ್ನೂ ಹಗ್ಗದಲ್ಲೇ ಇದ್ದೀಯ.”